ಮನೆಯ ಅಂಕಣ, ವಹಿಯ ಅಂಕಣ

ಕನ್ನಡದಲ್ಲಿ ‘ಅಂಕಣ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಎರಡು ಕಂಬಗಳ ಅಥವಾ ಎರಡು ತೊಲೆಗಳ ನಡುವಣ ಜಾಗ ಅಂಕಣ. ಹಾಳೆಯ ಮೇಲೆ ಎರಡು ಗೆರೆಗಳ ನಡುವಣ ಜಾಗವೂ ಅಂಕಣ. ಸೊಲ್ಲಾಪುರ ಜಿಲ್ಲೆಯ ನಮ್ಮ ಹಳ್ಳಿಗಳ ಹಿರಿಯರು ಮನೆಯ ವಿಸ್ತಾರವನ್ನು ಹೇಳುವಾಗ ಇಂದಿಗೂ ಚದರ ಅಡಿಯ ಲೆಕ್ಕವನ್ನು ಹೇಳುವುದಿಲ್ಲ. ‘ನಾಕಂಕಣದ ಮನಿ’ ಎಂದರೆ ಕೇಳುವವನ ಕಣ್ಣೆದುರು ಮನೆ ನಿಲ್ಲುತ್ತದೆ. ಮರಾಠಿಯವರು ಇದನ್ನೇ ‘ಖಣ’ ಎನ್ನುತ್ತಾರೆ. ಹೀಗೆ ಕಂಬಗಳ ನಡುವೆ ನಿಂತ ಮನೆ ಗ್ರಾಮಪಂಚಾಯತಿಯ ವಹಿಯ ಗೆರೆಗಳ ನಡುವೆ ಹೋಗಿ ಕೂಡುವ ಕ್ರಿಯೆಗೆ ಆಡಳಿತದ ಭಾಷೆಯಲ್ಲಿ ‘ಕರ ಆಕಾರಣಿ’ ಎಂದು ಹೆಸರು. ಆ ವಹಿಯನ್ನು ಬರೆಯುವವರು ಇದ್ದಾರೆ, ಅದರಂತೆ ಪಟ್ಟಿ ವಸೂಲು ಮಾಡುವವರು ಇದ್ದಾರೆ. ಅದನ್ನು ಓದಿ ನೋಡುವವರು ಯಾರು ಎಂಬ ಪ್ರಶ್ನೆ ಬಹುಕಾಲದಿಂದ ನನ್ನನ್ನು ಕಾಡುತ್ತ ಬಂದಿದೆ.

ಕನ್ನಡ ಐಚ್ಛಿಕ ವಿಷಯದ ವಿದ್ಯಾರ್ಥಿಗಳಿಗೆ ಮನೆಪಟ್ಟಿಯ ಮಾತು ಏಕೆ ಎಂದು ನೀವು ಕೇಳಬಹುದು. ಮೊದಲಿಗೆ ಶಬ್ದಗಳನ್ನೇ ನೋಡೋಣ. ‘ತೆರಿಗೆ’ ಎಂಬುದು ‘ತೆರು’ ಧಾತುವಿನಿಂದ ಬಂದ ಅಚ್ಚಗನ್ನಡ ಶಬ್ದ. ಆದರೆ ನಮ್ಮ ಮನೆಗಳಲ್ಲಿ ಯಾರೂ ತೆರಿಗೆ ತೆರುವುದಿಲ್ಲ, ‘ಘರಪಟ್ಟಿ ತುಂಬುತ್ತಾರೆ’. ಕರ್ನಾಟಕದ ಒಳನಾಡಿನವರು ತೆರಿಗೆ ‘ಕಟ್ಟು’ವಲ್ಲಿ ನಾವು ‘ತುಂಬು’ವುದು ಮರಾಠಿಯ ‘ಭರಣೆ’ಯ ಪ್ರಭಾವದಿಂದ. ‘ಆಕಾರ’ ಎಂಬ ಶಬ್ದವನ್ನು ನೀವು ತತ್ತ್ವದ ಪಾಠಗಳಲ್ಲಿ ರೂಪ ಎಂಬ ಅರ್ಥದಲ್ಲಿ ಕಲಿತಿದ್ದೀರಿ. ಭೂಮಿಯ ದಾಖಲೆಗಳಲ್ಲಿ ಅದೇ ಶಬ್ದಕ್ಕೆ ಗೊತ್ತುಪಡಿಸಿದ ಕಂದಾಯ ಎಂಬ ಅರ್ಥವಿದೆ. ಕರ್ನಾಟಕದ ಭೂಮಾಪನ ಇಲಾಖೆಯಲ್ಲಿ ‘ಆಕಾರಬಂದ್’ ಎಂಬ ದಾಖಲೆ ಇಂದಿಗೂ ಬಳಕೆಯಲ್ಲಿದೆ. ಅಲ್ಲಿಯ ರೈತನು ಕೈಯಲ್ಲಿ ಹಿಡಿಯುವ ‘ಪಹಣಿ’ಯ ಮೂಲ ಮರಾಠಿಯ ‘ಪಾಹಣೀ’, ಅಂದರೆ ಕಣ್ಣಾರೆ ನೋಡುವುದು. ಗಡಿಯ ಆಚೆ ಈಚೆ ಎಂದು ಜಗಳವಾಡುವ ಎರಡು ಭಾಷೆಗಳು ಲೆಕ್ಕದ ವಹಿಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿವೆ.

ಇನ್ನು ನಿಮ್ಮ ಶಾಸನಗಳ ಪಾಠವನ್ನು ನೆನಪು ಮಾಡಿಕೊಳ್ಳಿ. ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಈ ಜಿಲ್ಲೆಯಲ್ಲಿ ಕಲ್ಯಾಣ ಚಾಲುಕ್ಯರ ಮತ್ತು ಕಲಚುರಿಗಳ ಕಾಲದ ಕನ್ನಡ ಶಾಸನಗಳು ದೊರೆತಿವೆ. ಕನ್ನಡ ಶಾಸನಗಳನ್ನು ಓದುವವರಿಗೆ ಸಿದ್ಧಾಯ, ಮನೆವಣ, ಗಾಣದೆರೆ, ಮಗ್ಗದೆರೆ ಮುಂತಾದ ಹೆಸರುಗಳು ಹೊಸವಲ್ಲ. ಮನೆಗೂ ಗಾಣಕ್ಕೂ ಮಗ್ಗಕ್ಕೂ ತೆರಿಗೆ ಇತ್ತು. ಅದರಲ್ಲಿ ಇಂತಿಷ್ಟು ದೇವಾಲಯಕ್ಕೆ, ಇಂತಿಷ್ಟು ಕೆರೆಗೆ ಎಂದು ಬಿಟ್ಟುಕೊಟ್ಟಾಗ ಅದನ್ನು ಕಲ್ಲಿನ ಮೇಲೆ ಕಂಡರಿಸಿ ನಿಲ್ಲಿಸುತ್ತಿದ್ದರು. ಯಾವುದು ‘ಸರ್ವನಮಸ್ಯ’, ಯಾವುದು ‘ಸರ್ವಬಾಧಾಪರಿಹಾರ’ ಎಂಬುದು ಊರ ಮುಂದೆ ನಿಂತಿರುತ್ತಿತ್ತು. ಅದನ್ನು ಓದಬಲ್ಲವರು ಆ ಕಾಲದಲ್ಲಿಯೂ ಕೆಲವರೇ ಇದ್ದಿರಬೇಕು. ಆದರೂ ಬರೆಹ ಬಯಲಿನಲ್ಲಿತ್ತು. ತೆರಿಗೆಯ ಬರೆಹ ಬಯಲಿನಲ್ಲಿರಬೇಕೆಂಬ ಈ ವಿಚಾರವನ್ನು ಇಂದಿನ ಕಾನೂನು ಕೂಡ ಕೈಬಿಟ್ಟಿಲ್ಲ.

ಈಗಿನ ವ್ಯವಸ್ಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆ ಸಂವಿಧಾನದ ಪ್ರಕಾರ ರಾಜ್ಯಗಳ ವಿಷಯ. 1992ರ 73 ಮತ್ತು 74ನೆಯ ತಿದ್ದುಪಡಿಗಳ ಅನ್ವಯ, ರಾಜ್ಯಗಳು ಕಾನೂನಿನ ಮೂಲಕ ಈ ಅಧಿಕಾರವನ್ನು ಪಂಚಾಯತಿಗಳಿಗೂ ನಗರಸಂಸ್ಥೆಗಳಿಗೂ ವಹಿಸಿಕೊಡಬಹುದು. ಮಹಾರಾಷ್ಟ್ರದಲ್ಲಿ ಗ್ರಾಮಪಂಚಾಯತಿಗಳಿಗೆ 1958ರ ಅಧಿನಿಯಮ ಮತ್ತು 1960ರ ಕರ ಹಾಗೂ ಫೀ ನಿಯಮಗಳು, ಅಕ್ಕಲಕೋಟೆಯಂತಹ ನಗರಪರಿಷತ್ತುಗಳಿಗೆ 1965ರ ಅಧಿನಿಯಮ, 1964ರಲ್ಲಿ ಮಹಾನಗರಪಾಲಿಕೆಯಾದ ಸೊಲ್ಲಾಪುರಕ್ಕೆ 1949ರ ಅಧಿನಿಯಮ ಇವೆ. ನಗರಗಳ ಹಳೆಯ ಪದ್ಧತಿಯಲ್ಲಿ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದೆಂದು ಊಹಿಸಿ, ಅದರಲ್ಲಿ ದುರಸ್ತಿಗಾಗಿ ಶೇ. 10ರಷ್ಟನ್ನು ಕಳೆದು, ಉಳಿದುದನ್ನು ‘ಕರಯೋಗ್ಯ ಮೌಲ್ಯ’ವೆಂದು ಹಿಡಿಯುತ್ತಾರೆ. ಗ್ರಾಮಪಂಚಾಯತಿಗಳಲ್ಲಿ 2015ರ ತಿದ್ದುಪಡಿಯ ಬಳಿಕ ಬಂಡವಾಳ ಮೌಲ್ಯದ ಪದ್ಧತಿ ಬಂದಿದೆ. ಜಾಗದ ಸರಕಾರಿ ದರ, ಕಟ್ಟಡದ ವಿಸ್ತೀರ್ಣ, ಕಟ್ಟಿದ ಬಗೆ, ಕಟ್ಟಡದ ವಯಸ್ಸು, ಅದರ ಉಪಯೋಗ ಇವುಗಳನ್ನು ಗುಣಿಸಿ ಮನೆಯ ಮೌಲ್ಯವನ್ನು ಕಟ್ಟುತ್ತಾರೆ. ಮಣ್ಣಿನ ಮನೆಗೆ ಒಂದು ದರ, ಕಲ್ಲು ಇಟ್ಟಿಗೆಯದಕ್ಕೆ ಇನ್ನೊಂದು, ಸಿಮೆಂಟಿನ ಸ್ಲ್ಯಾಬಿಗೆ ಮತ್ತೊಂದು. ಕಟ್ಟಡ ಹಳೆಯದಾದಷ್ಟೂ ಮೌಲ್ಯದಲ್ಲಿ ಸವಕಳಿ ಸಿಗುತ್ತದೆ. ವಾಸದ ಮನೆಗಿಂತ ಅಂಗಡಿಗೆ ಹೆಚ್ಚಿನ ಭಾರ ಬೀಳುತ್ತದೆ. ನಾಲ್ಕು ವರ್ಷಗಳಿಗೊಮ್ಮೆ ಈ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ಈ ಲೆಕ್ಕ ಕೂಡುವ ವಹಿಯೇ ‘ನಮುನಾ 8’. ಇದರಿಂದ ವರ್ಷವರ್ಷದ ಬೇಡಿಕೆಯ ವಹಿಯಾದ ‘ನಮುನಾ 9’ ಹುಟ್ಟುತ್ತದೆ. ಹಣ ತುಂಬಿದಾಗ ಕೈಗೆ ಬರುವ ಪಾವತಿ ‘ನಮುನಾ 10’. ಘರಪಟ್ಟಿಯ ಜೊತೆಗೆ ದೀಪದ ಕರ, ಆರೋಗ್ಯ ಕರ, ಪಾಣಿಪಟ್ಟಿ ಅದೇ ಚೀಟಿಯಲ್ಲಿ ಇಳಿಯುತ್ತವೆ. ಹೊಸ ಆಕಾರಣಿಯ ಯಾದಿಯನ್ನು ಜನರ ಮುಂದೆ ಪ್ರಕಟಿಸಬೇಕು, ಆಕ್ಷೇಪಕ್ಕೆ ಅವಧಿ ಕೊಡಬೇಕು, ಆಕ್ಷೇಪ ಮಾಡಿದವರ ಮಾತನ್ನು ಕೇಳಬೇಕು, ಆಮೇಲೆಯೇ ಅದನ್ನು ಸ್ಥಿರಪಡಿಸಬೇಕು. ಅಸಮಾಧಾನ ಉಳಿದರೆ ಪಂಚಾಯತ ಸಮಿತಿಗೆ ಮೇಲ್ಮನವಿ ಉಂಟು. ಕಾನೂನಿನ ದೃಷ್ಟಿಯಲ್ಲಿ ಯಾದಿ ಎಂಬುದು ಮೊದಲು ಒಂದು ಕರಡು. ಜನರು ಓದಿ, ತಪ್ಪು ತೋರಿಸಿದ ಮೇಲೆಯೇ ಅದು ನಿರ್ಣಯವಾಗುತ್ತದೆ. ಯಾರೂ ಓದದಿದ್ದರೆ ಗಡುವು ಮುಗಿದ ದಿನ ಕರಡು ತಾನಾಗಿಯೇ ಸತ್ಯದ ಪಟ್ಟವೇರುತ್ತದೆ.

ನನ್ನ ಪ್ರಾಥಮಿಕ ಶಿಕ್ಷಣ ಕನ್ನಡ ಶಾಲೆಯಲ್ಲಿ, ಮಾಧ್ಯಮಿಕ ಶಿಕ್ಷಣ ಮರಾಠಿಯಲ್ಲಿ ಆಯಿತು. ಎರಡು ಲಿಪಿಗಳನ್ನೂ ಒಂದೇ ವೇಗದಲ್ಲಿ ಓದಬಲ್ಲವನೆಂಬ ಕಾರಣದಿಂದ ಊರಿಗೆ ಹೋದಾಗಲೆಲ್ಲ ಕಟ್ಟೆಯ ಮೇಲೆ ನನ್ನ ಮುಂದೆ ಕಾಗದಗಳು ಬಂದು ಬೀಳುತ್ತವೆ. ಹಾಗೆ ಕಾಗದ ತಂದವರಲ್ಲಿ ನಿರಕ್ಷರಿಗಳು ಕಡಿಮೆ. ಹೆಚ್ಚಿನವರು ಕನ್ನಡ ಶಾಲೆಯಲ್ಲಿ ನಾಲ್ಕೋ ಏಳೋ ಇಯತ್ತೆ ಕಲಿತವರು. ಮರಾಠಿಯನ್ನು ಬಜಾರದಲ್ಲಿ ನಿರಾಯಾಸವಾಗಿ ಆಡುವವರು. ಆದರೆ ಕಚೇರಿಯ ಮರಾಠಿ ಬಜಾರದ ಮರಾಠಿಯಲ್ಲ. ‘ಪಡಸರ’ ಎಂದು ವಹಿಯಲ್ಲಿ ಬರೆದಿದ್ದರೆ ಅದು ಮನೆಗೆ ಹೊಂದಿದ ಖುಲ್ಲಾ ಜಾಗ. ನಮ್ಮವರು ಅದನ್ನು ಕೇಳಿ ಪಡಸಾಲೆ ಎಂದು ತಿಳಿಯುತ್ತಾರೆ. ಹಿತ್ತಲಿನ ಬಯಲಿಗೆ ಹಾಕಿದ ಪಟ್ಟಿಯನ್ನು ಮುಂದಿನ ಪಡಸಾಲೆಯದೆಂದು ತಿಳಿದು ವರ್ಷಗಟ್ಟಲೆ ತುಂಬಿದವರನ್ನು ನಾನು ಬಲ್ಲೆ.

ನನ್ನ ಸೋದರತ್ತೆಯ ಪ್ರಸಂಗವನ್ನು ಇಲ್ಲಿ ಹೇಳಬೇಕು. ಅವರದು ಗಡಿಯ ಸಮೀಪದ ಒಂದು ಹಳ್ಳಿಯಲ್ಲಿ ನಾಲ್ಕಂಕಣದ ಮಾಳಿಗೆ ಮನೆ; ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮುಚ್ಚಿಗೆ. ಮಾವನವರು ತೀರಿಹೋದ ಮೇಲೆ ಅತ್ತೆ ಮುಂದಿನ ಅಂಕಣದಲ್ಲಿ ಒಲೆ ಹೂಡಿ, ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಜೊತೆಗಿಟ್ಟುಕೊಂಡು ಜೋಳದ ಕಡಕ ರೊಟ್ಟಿ ಬಡಿದು ಪೇಟೆಯ ಅಂಗಡಿಗೆ ಕೊಡುತ್ತ ಬಂದರು. ಒಂದು ವರ್ಷ ಹೊಸ ಆಕಾರಣಿಯ ನೋಟೀಸು ಬಂತು. ಪಟ್ಟಿಯ ಮೊತ್ತ ಏರಿತ್ತು. ಅತ್ತೆ ಅದನ್ನು ನಾಗೊಂದಿಗೆಯ ಮೇಲೆ ಮಡಚಿಟ್ಟು, ನಾನು ಹೋದಾಗ ತೆಗೆದುಕೊಟ್ಟರು.

“ಏನ್ ಬರದಾರ ನೋಡಪಾ ಇದ್ರಾಗ. ರೊಕ್ಕಾ ಹೆಚ್ಚಾಗೇದ ಅಂಬೂದಷ್ಟ ತಿಳೀತು.”

ನಾನು ಓದಿದೆ. ರೊಕ್ಕಕ್ಕಿಂತ ದೊಡ್ಡ ಎರಡು ಸಂಗತಿಗಳು ಅದರಲ್ಲಿದ್ದವು. ಉಪಯೋಗದ ಅಂಕಣದಲ್ಲಿ ಇಡೀ ಮನೆಗೆ ‘ವ್ಯಾಪಾರಿ’ ಎಂದು ಬರೆಯಲಾಗಿತ್ತು. ಮಾಲಕನ ಅಂಕಣದಲ್ಲಿ ಪುಣೆಯಲ್ಲಿ ನೆಲೆಸಿದ ಅವರ ಮೈದುನನ ಹೆಸರಿತ್ತು. ಅತ್ತೆಯ ಹೆಸರು ಅದರ ಪಕ್ಕದ ಅಂಕಣದಲ್ಲಿ, ‘ಭೋಗವಟಾದಾರ’ ಎಂಬ ಶೀರ್ಷಿಕೆಯ ಕೆಳಗೆ ಇತ್ತು. ಇದರರ್ಥ ವಾಸವಾಗಿರುವವರು ಎಂದು ನಾನು ಬಿಡಿಸಿ ಹೇಳುವ ಮೊದಲೇ ಅತ್ತೆ ಶಬ್ದವನ್ನು ಹಿಡಿದರು.

“ಭೋಗ? ಹೊತ್ತು ಮೂಡೂದ್ರಾಗ ಹಿಟ್ಟ ನಾದೂದು ಭೋಗೇನಪಾ?”

ಶಾಸನಗಳಲ್ಲಿ ದತ್ತಿಯನ್ನು ‘ಅಷ್ಟಭೋಗ ತೇಜಸ್ವಾಮ್ಯ’ ಸಹಿತವಾಗಿ ಕೊಟ್ಟರೆಂದು ಬರುವುದನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ವಿವರಿಸಿದ್ದೇನೆ. ಅಲ್ಲಿ ಭೋಗ ಮತ್ತು ಸ್ವಾಮ್ಯ ಒಂದೇ ಸಮಾಸದಲ್ಲಿ ಕೂಡಿ ನಡೆಯುತ್ತವೆ. ನಮುನಾ 8ರಲ್ಲಿ ಅವೆರಡರ ನಡುವೆ ಒಂದು ಗೆರೆ ಇದೆ. ಮೂವತ್ತು ವರ್ಷ ಮಾಳಿಗೆಗೆ ಮಣ್ಣು ಹಾಕಿಸಿ, ಸೋರಿದಲ್ಲಿ ಮುಚ್ಚಿಸಿ, ಪಟ್ಟಿ ತುಂಬುತ್ತ ಬಂದ ಹೆಂಗಸು ಆ ಗೆರೆಯ ಈಚೆಗೆ ಇದ್ದರು. ಪುಣೆಗೆ ಹೋದ ಮೇಲೆ ಜಾತ್ರೆಗಷ್ಟೇ ಬರುವ ಮೈದುನ ಆಚೆಗೆ ಇದ್ದರು. ಇದರಲ್ಲಿ ಯಾರ ಕಪಟವೂ ಇರಲಿಲ್ಲ. ಹಿರಿಯರು ತೀರಿಕೊಂಡಾಗ ಮನೆಯಲ್ಲಿದ್ದ ಒಬ್ಬ ಮಗನ ಹೆಸರನ್ನು ಬರೆಯಿಸಿದ್ದರು. ಅಣ್ಣತಮ್ಮಂದಿರ ವಾಟಣಿ ಬಾಯಿಮಾತಿನಲ್ಲಿ ಆಗಿತ್ತು. ಬಾಯಿಮಾತು ಬಲ್ಲವರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು.

ಆಕ್ಷೇಪಕ್ಕೆ ಮೂವತ್ತು ದಿನಗಳ ಅವಧಿಯಿತ್ತು. ನಾನು ನೋಡುವಾಗ ಉಳಿದದ್ದು ಆರು ದಿನ. ಎರಡು ಅಂಶಗಳ ಆಕ್ಷೇಪವನ್ನು ಮರಾಠಿಯಲ್ಲಿ ಬರೆದು, ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. ಒಂದೆಡೆ ನಾನು ‘ಗೃಹೋದ್ಯೋಗ’ ಎಂದು ಬರೆದಿದ್ದೆ. ಅವರು ತಡೆದು, ರೊಟ್ಟಿ ಎಂದೇ ಬರೆ, ನೋಡಲು ಬಂದವರಿಗೆ ರೊಟ್ಟಿ ಕಾಣುತ್ತದೆ, ಉದ್ಯೋಗ ಕಾಣುವುದಿಲ್ಲ ಎಂದರು. ತಿದ್ದಿ ಬರೆದೆ. ಕೆಳಗೆ ಅವರು ಮೂರನೆಯ ಇಯತ್ತೆಯ ದೊಡ್ಡ ಕನ್ನಡ ಅಕ್ಷರಗಳಲ್ಲಿ ಸಹಿ ಮಾಡಿದರು. ಕನ್ನಡ ಸಹಿ ನಡೆಯುತ್ತದೆಯೋ ಇಲ್ಲವೋ ಎಂದು ಅವರು ಅಂಜಿದ್ದರು. ಗ್ರಾಮಸೇವಕರು ಏನೂ ಅನ್ನದೆ ಅರ್ಜಿಯನ್ನು ತೆಗೆದುಕೊಂಡು ಪೋಚ್ ಕೊಟ್ಟರು.

ಸುನಾವಣಿಯ ದಿನ ಪಂಚಾಯತಿಯಲ್ಲಿ ಅತ್ತೆಯೇ ಮಾತನಾಡಿದರು. “ಭಾವುಸಾಹೇಬ, ಒಂದಂಕಣದಾಗ ರೊಟ್ಟಿ, ಮೂರಂಕಣದಾಗ ನಾ ಇರ್ತೀನ್ರಿ. ಬಂದು ನೋಡ್ರಿ.” ಭಾವುಸಾಹೇಬರಿಗೆ ಕನ್ನಡ ತಿಳಿಯುತ್ತಿತ್ತು. ಸ್ಥಳಪಾಹಣಿಗೆ ಬಂದರು, ಒಲೆಯನ್ನು ಕಂಡರು, ಹಗ್ಗ ಹಿಡಿದು ಅಳೆದರು. ಒಂದು ಅಂಕಣವನ್ನು ವ್ಯಾಪಾರಿ, ಮೂರನ್ನು ವಾಸದ ಉಪಯೋಗವೆಂದು ತಿದ್ದಲಾಯಿತು. ಪಟ್ಟಿ ಕಡಿಮೆಯಾಯಿತು, ಮೊದಲಿನಷ್ಟು ಆಗಲಿಲ್ಲ. ರೊಟ್ಟಿಯಿಂದ ನಾಲ್ಕು ಕಾಸು ಬರುತ್ತಿರುವುದು ನಿಜ, ಆ ಮಟ್ಟಿಗೆ ತುಂಬುವುದೂ ನ್ಯಾಯ ಎಂದು ಅತ್ತೆಯೇ ಹೇಳಿದರು.

ಹೆಸರಿನ ಕೆಲಸ ಅಷ್ಟು ಸುಲಭವಾಗಲಿಲ್ಲ. ವಾರಸಿನ ದಾಖಲೆ ಬೇಕು, ಮೈದುನನ ಸಮ್ಮತಿಪತ್ರ ಬೇಕು ಎಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಹೆಸರನ್ನು ಅಳಿಸುವ ವಹಿ ಯಾರಿಗೂ ಕ್ಷೇಮವಲ್ಲ. ಒಂದೂವರೆ ವರ್ಷದ ಬಳಿಕ ಮೈದುನ ಜಾತ್ರೆಗೆ ಬಂದಾಗ ಎರಡು ಅಂಕಣಗಳಿಗೆ ಸಮ್ಮತಿಯ ಸಹಿ ಹಾಕಿದರು. ಇನ್ನೆರಡನ್ನು ತಮ್ಮ ಮಕ್ಕಳಿಗಾಗಿ ಇಟ್ಟುಕೊಂಡರು. ಈಗ ವಹಿಯಲ್ಲಿ ಒಂದು ಮನೆಗೆ ಎರಡು ಸಾಲುಗಳಿವೆ. ವಹಿಯಲ್ಲಿ ಎದ್ದ ಗೋಡೆ ಮನೆಯಲ್ಲಿ ಇನ್ನೂ ಎದ್ದಿಲ್ಲ. ಎರಡೂ ಸಾಲುಗಳ ಪಟ್ಟಿಯನ್ನು ಅತ್ತೆಯೇ ತುಂಬುತ್ತಾರೆ, ಎರಡು ಪಾವತಿಗಳನ್ನು ಒಂದೇ ಡಬ್ಬಿಯಲ್ಲಿ ಇಡುತ್ತಾರೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮುನಾ 8ರ ಉತಾರೆಯಾಗಲಿ ಪಟ್ಟಿಯ ಪಾವತಿಯಾಗಲಿ ಒಡೆತನದ ಪೂರ್ಣ ಪುರಾವೆಯಲ್ಲ. ಅವು ತೆರಿಗೆಯ ದಾಖಲೆಗಳು. ನ್ಯಾಯಾಲಯಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಹಾಗಿದ್ದರೂ ಹಳ್ಳಿಯಲ್ಲಿ ಖರೀದಿಪತ್ರವಿಲ್ಲದ ಹಳೆಯ ಮನೆಗಳೇ ಹೆಚ್ಚು. ಘರಕುಲ ಯೋಜನೆಗೆ, ವಿದ್ಯುತ್ ಜೋಡಣೆಗೆ, ಸಾಲಕ್ಕೆ ಮೊದಲು ಕೇಳುವ ಕಾಗದ ಇದೇ. ಗಂಡ ಹೆಂಡತಿ ಇಬ್ಬರ ಹೆಸರನ್ನೂ ಈ ನೋಂದಿನಲ್ಲಿ ಬರೆಯುವ ‘ಘರ ದೋಘಾಂಚೆ’ ಎಂಬ ಅಭಿಯಾನ ಮಹಾರಾಷ್ಟ್ರದ ಹಲವು ಗ್ರಾಮಪಂಚಾಯತಿಗಳಲ್ಲಿ ನಡೆದದ್ದು ಈ ಕಾರಣಕ್ಕೇ. ಮಾವನವರು ಬದುಕಿದ್ದಾಗ ನಮ್ಮಲ್ಲಿ ಯಾರಾದರೂ ಆ ವಹಿಯನ್ನು ತೆರೆದು ಓದಿದ್ದರೆ ಇಬ್ಬರ ಹೆಸರೂ ಒಂದೇ ದಿನದಲ್ಲಿ ಕೂಡುತ್ತಿತ್ತು.

ಅತ್ತೆಯ ಅರ್ಜಿಯ ಸುದ್ದಿ ಹರಡಿದ ಮೇಲೆ ನನ್ನ ಬಳಿ ಬಂದವರೆಲ್ಲ ಅನ್ಯಾಯಕ್ಕೆ ಗುರಿಯಾದವರೇ ಆಗಿರಲಿಲ್ಲ. ಎರಡು ಮಜಲೆಯ ಸ್ಲ್ಯಾಬಿನ ಮನೆಯ ಯಜಮಾನರೊಬ್ಬರು ಕಾಗದ ತಂದರು. ವಹಿಯಲ್ಲಿ ಅವರ ಮನೆ ಇನ್ನೂ ಪತ್ರಾ ಹೊದಿಸಿದ ಮಣ್ಣಿನ ಮನೆಯಾಗಿಯೇ ಉಳಿದಿತ್ತು. ಈ ಸಲ ಅದು ಸರಿಯಾಗಿ ದಾಖಲಾದದ್ದೇ ಅವರ ತಕರಾರು. “ಸರ್, ನೀವು ಚಲೋ ಬರೀತೀರಿ, ಮೊದಲಿನಂಗ ಇರಲಿ ಅಂತ ಬರದ ಕೊಡ್ರಿ” ಎಂದರು. ನಾನು ಬರೆಯಲಿಲ್ಲ. ಮನೆ ಮಣ್ಣಿನದೆಂದು ಕಾಗದ ಹೇಳಿದರೆ ಅವರ ಪಾಲಿನ ದೀಪದ, ಗಟಾರದ, ನೀರಿನ ಖರ್ಚು ನಿಜವಾಗಿಯೂ ಮಣ್ಣಿನ ಮನೆಯಲ್ಲಿರುವವರ ಮೇಲೆ ಬೀಳುತ್ತದೆ. ಮೇಲಿನಿಂದ ಬರುವ ಅನುದಾನವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಬಹುಮಟ್ಟಿಗೆ ಮೇಲಿನವರೇ ಹೇಳುತ್ತಾರೆ. ಪಂಚಾಯತಿ ತನ್ನ ಕೈಯಿಂದ ಒಂದು ಬಲ್ಬು ಬದಲಿಸಬೇಕಾದರೆ ಈ ಪಟ್ಟಿಯ ಹಣವೇ ಆಧಾರ. ಅವರು ಕೆಲವು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದರು. ಕಾಗದವನ್ನು ಓದಿ ಹೇಳುವವನಿಗೆ ಇದೂ ಸಲ್ಲುವ ಕೂಲಿ.

ಇನ್ನು ಭಾಷೆಯ ವಿಷಯ. ಮಹಾರಾಷ್ಟ್ರದ ರಾಜಭಾಷೆ ಮರಾಠಿ; ನೋಟೀಸು ಮರಾಠಿಯಲ್ಲಿ ಬರುವುದರಲ್ಲಿ ತಕರಾರಿಲ್ಲ. ಅದರ ಜೊತೆಗೆ ನಮಗೆ ದೊರೆತಿರುವ ಅನುಕೂಲಗಳನ್ನು ನಾವು ಅರಿತಿರಬೇಕು. ಸಂವಿಧಾನದ 350ನೆಯ ವಿಧಿಯ ಪ್ರಕಾರ ಯಾವ ವ್ಯಕ್ತಿಯಾದರೂ ತನ್ನ ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸಬಹುದು. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಭಾಷಾ ಅಲ್ಪಸಂಖ್ಯಾತರಿಗಾಗಿ ಒಪ್ಪಿಕೊಂಡ ರಕ್ಷಣೆಗಳಲ್ಲಿ, ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಅವರ ಪ್ರಮಾಣ ಶೇ. 15 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಹತ್ವದ ಸರಕಾರಿ ಸೂಚನೆಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕೆಂಬುದು ಸೇರಿದೆ. ಇದನ್ನು ಕೇಳಿ ಪಡೆಯುವುದು ಅಗತ್ಯ. ಆದರೆ ಕನ್ನಡದಲ್ಲಿ ಅಚ್ಚಾದ ಯಾದಿಯೂ ಓದುವವರಿಲ್ಲದಿದ್ದರೆ ಗೋಡೆಯ ಕಾಗದವಾಗಿಯೇ ಉಳಿಯುತ್ತದೆ. ‘ಬಂಡವಾಳ ಮೌಲ್ಯ’ ಎಂಬುದು ಕನ್ನಡವೇ ಆದರೂ ನನ್ನ ಅತ್ತೆಗೆ ಅದನ್ನು ಯಾರಾದರೂ ಬಿಡಿಸಿ ಹೇಳಲೇಬೇಕು.

ಕನ್ನಡ ಕಲಿತು ನಾವು ಈ ಊರುಗಳಲ್ಲಿ ಏನು ಮಾಡಬೇಕೆಂದು ನಿಮ್ಮಲ್ಲಿ ಅನೇಕರು ನನ್ನನ್ನು ಕೇಳಿದ್ದೀರಿ. ನೌಕರಿಯ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೆ ಹಳಗನ್ನಡದ ಒಂದು ಸಮಾಸವನ್ನು ಬಿಡಿಸಬಲ್ಲ, ಜೊತೆಗೆ ಕಚೇರಿಯ ಮರಾಠಿಯನ್ನೂ ಓದಬಲ್ಲ ಹುಡುಗನೋ ಹುಡುಗಿಯೋ ಇರುವ ಓಣಿಯಲ್ಲಿ ಆಕ್ಷೇಪದ ಗಡುವು ಸುಮ್ಮನೆ ಮುಗಿದುಹೋಗಬಾರದು. ನಿಮ್ಮ ಊರಿನಲ್ಲಿ ಮುಂದಿನ ಸಲ ಆಕಾರಣಿಯ ಯಾದಿಯನ್ನು ಹಚ್ಚಿದಾಗ ಹೋಗಿ ನೋಡಿ. ಮೊದಲು ನಿಮ್ಮ ಮನೆಯ ಸಾಲು: ಮಾಲಕರು ಯಾರು, ವಾಸವಿರುವವರು ಯಾರು, ತಾಯಿಯ ಹೆಸರು ಇದೆಯೇ, ಗೋಡೆ ಯಾವುದರದೆಂದು ಬರೆದಿದ್ದಾರೆ, ಉಪಯೋಗ ಯಾವುದು, ಪಡಸರ ಎಷ್ಟು. ಆಮೇಲೆ ಅಕ್ಕಪಕ್ಕದ ಎರಡು ಮನೆಗಳಿಗೆ ಹೋಗಿ, ಅವರ ಸಾಲಿನಲ್ಲಿ ಏನಿದೆ ಎಂಬುದನ್ನು ಅವರು ಆಡುವ ಕನ್ನಡದಲ್ಲಿ ಓದಿ ಹೇಳಿ. ಹೆಚ್ಚಾಗಿ ಬರೆದದ್ದನ್ನೂ ಹೇಳಿ, ಕಡಿಮೆಯಾಗಿ ಬರೆದದ್ದನ್ನೂ ಹೇಳಿ. ಅರ್ಜಿ ಕೊಟ್ಟರೆ ಪೋಚ್ ತೆಗೆದುಕೊಳ್ಳುವುದನ್ನು ಮರೆಯಬೇಡಿ, ಅದರ ಮೇಲೆ ತಾರೀಖು ಬಿದ್ದಿದೆಯೇ ಎಂದು ಅಲ್ಲಿಯೇ ನಿಂತು ನೋಡಿರಿ.